ಮಿಡಿ ಉಪ್ಪಿನಕಾಯಿ ಕೆಟ್ಟಿದ್ದೆಲ್ಲಿ? ಭರಣಿ ತೆರೆದು ಪತ್ತೆ ಹಚ್ಚುವ ಕ್ರಮ

ಮಾರ್ಚಿಯಲ್ಲಿ ಹಾಕಿದ ಮಾವಿನಮಿಡಿ ಉಪ್ಪಿನಕಾಯಿಯ ಮುಚ್ಚಳವನ್ನು ಜುಲೈಯಲ್ಲಿ ತೆರೆದಾಗ ಮೂಗಿಗೆ ಬಡಿಯಬೇಕಾದದ್ದು ಸಾಸಿವೆಯ ಘಾಟು ಮತ್ತು ಸೊನೆಯ ಪರಿಮಳ. ಅದರ ಬದಲು ಹುಳಿಹಿಟ್ಟಿನ ವಾಸನೆ ಬಂದರೆ, ಹಲ್ಲಿಗೆ ಸಿಕ್ಕ ಮಿಡಿ ‘ಕಟಕ್’ ಎನ್ನದೆ ನಾಲಿಗೆಯ ಮೇಲೆ ಪಿಚಕ್ಕೆಂದು ಕುಳಿತರೆ, ಹೆಚ್ಚಿನವರು ಮಾಡುವ ಕೆಲಸ ಒಂದೇ. ಒಂದು ಹಿಡಿ ಉಪ್ಪು ಸುರಿದು, ಮೇಲೊಂದಿಷ್ಟು ಎಣ್ಣೆ ಹೊಯ್ದು, ಬಾಟಲಿಯನ್ನು ಫ್ರಿಜ್ಜಿನ ಮೂಲೆಗೆ ತಳ್ಳುತ್ತಾರೆ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಕಷಾಯ ಕುಡಿಸಿದ ಹಾಗೆ.

ಭರಣಿಯಲ್ಲಿ ದೋಷ ಕಾಣಿಸಿಕೊಳ್ಳುವುದು ಮಳೆಗಾಲದಲ್ಲಿ. ಅದು ಆಗಿರುವುದು ಬೇಸಿಗೆಯಲ್ಲಿ. ಮಸಾಲೆಯನ್ನೂ ಮಿಕ್ಸಿಯನ್ನೂ ಬೈಯುವ ಮೊದಲು, ಮಿಡಿ ಬರೀ ಉಪ್ಪಿನಲ್ಲಿ ಕಳೆದ ಆ ಮೊದಲ ಇಪ್ಪತ್ತು ದಿನಗಳ ಲೆಕ್ಕ ತೆಗೆಯಬೇಕು. ನಾನು ಬೆಂಗಳೂರಿನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಎರಡು ವರ್ಷದ ಮಿಡಿಯನ್ನು ಹಾಳು ಮಾಡಿಕೊಂಡ ಮೇಲೆ ಕಲಿತದ್ದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಸರಿಯಾದ ದಾರಿ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಎಲ್ಲಿ ತಪ್ಪಿತೆಂದು ಹುಡುಕಲು ಅದು ಬೇಕು. ತೊಟ್ಟು ಸಮೇತ ಕೊಯ್ದ ಮಿಡಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದು ಹನಿ ನೀರೂ ಇಲ್ಲದಂತೆ ಒರೆಸಬೇಕು. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಎರಡು ಮೂರು ದಿನಗಳಲ್ಲಿ ಮಿಡಿ ತನ್ನ ನೀರನ್ನೇ ಬಿಟ್ಟು ಅದರಲ್ಲೇ ಮುಳುಗುತ್ತದೆ. ದಿನಕ್ಕೊಮ್ಮೆ ಕೈಯಾಡಿಸುತ್ತ ಹೋದರೆ ಎರಡರಿಂದ ಮೂರು ವಾರದಲ್ಲಿ ಚಿರುಟಿಕೊಂಡು ಮೈತುಂಬ ಸುಕ್ಕಾಗುತ್ತದೆ. ಆಗ ಮಿಡಿಯನ್ನು ತೆಗೆದಿಟ್ಟು, ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು, ಅರಿಶಿನ ರುಬ್ಬಿ ಕಲಸಿ, ಬಾಯಿ ಕಟ್ಟಿ ಇಡುವುದು. ಇಷ್ಟೇ. ಇದರಲ್ಲಿ ಎಣ್ಣೆಯ ಆಸರೆಯಿಲ್ಲ, ವಿನಿಗರ್ ಇಲ್ಲ. ಕಾಯುವುದು ಉಪ್ಪು, ಮಿಡಿಯದೇ ಹುಳಿ ಮತ್ತು ಸಾಸಿವೆ. ಈ ಮೂವರಲ್ಲಿ ಒಬ್ಬರು ಕೈಕೊಟ್ಟರೂ ಭರಣಿ ಕೆಡುತ್ತದೆ.

ಮಿಡಿ ಮೆತ್ತಗಾಗಿದೆ

ಅತಿ ಹೆಚ್ಚು ಕಾಣುವ ದೋಷ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲು ನಾಲ್ಕು ಮಿಡಿಯನ್ನು ತಟ್ಟೆಗೆ ತೆಗೆಯಿರಿ: ಎರಡು ಮೇಲಿನಿಂದ, ಎರಡು ತಳದಿಂದ. ಉದ್ದಕ್ಕೆ ಸೀಳಿ ನೋಡಿ. ಎಲ್ಲವೂ ಒಂದೇ ಸಮ ಮೆತ್ತಗಿದ್ದರೆ ಉಪ್ಪು ಸಾಲದು. ಮೇಲಿನವು ಮಾತ್ರ ಮೆತ್ತಗಿದ್ದು ತಳದವು ಗಟ್ಟಿಯಾಗಿದ್ದರೆ ಕೈಯಾಡಿಸಿಲ್ಲ ಅಥವಾ ಮಿಡಿ ನೀರಿನಿಂದ ಮೇಲೆ ತೇಲಿದೆ. ಅಲ್ಲೊಂದು ಇಲ್ಲೊಂದು ಮೆತ್ತಗಿದ್ದು, ಮೆತ್ತಗಿರುವಲ್ಲಿ ಕಂದು ಕಲೆ ಇದ್ದರೆ ಅದು ಉದುರಿದ ಮಿಡಿ. ನೆಲಕ್ಕೆ ಬಿದ್ದು ಪೆಟ್ಟು ತಿಂದದ್ದು. ಮರ ಹತ್ತಿ, ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಿದ ಮಿಡಿಗೂ ಕೊಂಬೆ ಅಲುಗಿಸಿ ಉದುರಿಸಿದ ಮಿಡಿಗೂ ಬೆಲೆಯಲ್ಲಿ ವ್ಯತ್ಯಾಸವಿರುವುದು ಸುಮ್ಮನೆ ಅಲ್ಲ. ಇನ್ನು ಒಳಗೆ ಗೊರಟು ಗಟ್ಟಿಯಾಗಿ ಚಾಕುವಿಗೆ ತಡೆದರೆ, ಮಿಡಿ ಬಲಿತು ಹೋಗಿತ್ತು ಎಂದರ್ಥ. ಬಲಿತ ಕಾಯಿಯ ತಿರುಳು ಹೋಳಿನ ಉಪ್ಪಿನಕಾಯಿಗೆ ಸರಿ, ಇಡೀ ಮಿಡಿಗೆ ಒಗ್ಗುವುದಿಲ್ಲ.

ಕಾರಣ ಏನು? ಕಾಯಿಯನ್ನು ಗಟ್ಟಿಯಾಗಿ ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟು. ಕಾಯಿಯಲ್ಲೇ ಇರುವ ಕಿಣ್ವಗಳೂ ಬೂಷ್ಟು ಬಿಡುವ ಕಿಣ್ವಗಳೂ ಅದನ್ನು ಕತ್ತರಿಸುತ್ತವೆ. ಉಪ್ಪು ಬಿಗಿಯಾಗಿದ್ದರೆ ಈ ಕೆಲಸ ಮಂದವಾಗುತ್ತದೆ, ಬೂಷ್ಟಿಗೂ ತಲೆ ಎತ್ತುವುದು ಕಷ್ಟ. ಸಮುದ್ರದ ಹರಳುಪ್ಪಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕೂಡ ಇರುತ್ತದೆ. ಅದು ಪೆಕ್ಟಿನ್ನಿಗೆ ಬಿಗಿ ಕೊಡುತ್ತದೆ. ಪುಡಿಯುಪ್ಪು ಹಾಕಿದ್ದಕ್ಕೇ ಮೆತ್ತಗಾಯಿತು ಎಂದು ಅಯೋಡಿನ್ನಿನ ಮೇಲೆ ಗೂಬೆ ಕೂರಿಸುವವರು ಬಹಳ ಮಂದಿ ಇದ್ದಾರೆ. ಪುಡಿಯುಪ್ಪಿನ ತೊಂದರೆ ಬೇರೆ: ಗಟ್ಟಿಗಟ್ಟದಿರಲಿ ಎಂದು ಅದಕ್ಕೆ ಸೇರಿಸಿದ ವಸ್ತುವಿನಿಂದ ಉಪ್ಪುನೀರು ಮಬ್ಬಾಗುತ್ತದೆ. ಮಬ್ಬು ನೀರಿನಲ್ಲಿ ಕೆಟ್ಟದ್ದೂ ಒಂದೇ, ಕೆಡದ್ದೂ ಒಂದೇ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ನನ್ನ ಮೊದಲ ವರ್ಷದ ಕಥೆ ಇದೇ. ಸಾಗರದ ಕಡೆಯ ನಮ್ಮ ದೊಡ್ಡಮ್ಮನಿಗೆ ಫೋನು ಮಾಡಿದೆ.

“ಉಪ್ಪು ಎಷ್ಟು ಹಾಕಿದೆ?” ಎಂದರು.

“ನೀವು ಹೇಳಿದಷ್ಟೇ ದೊಡ್ಡಮ್ಮ, ನೂರು ಮಿಡಿಗೆ ಆ ನಿಮ್ಮ ಲೋಟದಲ್ಲಿ ಒಂದು ಲೋಟ.”

“ಮಿಡಿ ಎಷ್ಟು ದೊಡ್ಡದಿತ್ತು?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಮಾರನೆಯ ವರ್ಷ ತೂಗಿ ನೋಡಿದೆ. ಅವರ ಮನೆಯ ಹಿಂದಿನ ಮರದ ನೂರು ಮಿಡಿ ಸುಮಾರು 800 ಗ್ರಾಂ. ನಾನು ಪೇಟೆಯಲ್ಲಿ ಆರಿಸಿ ಆರಿಸಿ ತಂದ ದಪ್ಪ ಮಿಡಿ, ನೂರಕ್ಕೆ ಒಂದೂವರೆ ಕಿಲೋ. ಲೋಟದ ಉಪ್ಪು 200 ಗ್ರಾಂ. ಎಳೆ ಮಾವಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 87 ನೀರೇ. ಲೆಕ್ಕ ಹಾಕಿ: ಅವರ ಭರಣಿಯಲ್ಲಿ 700 ಗ್ರಾಂ ನೀರಿಗೆ 200 ಗ್ರಾಂ ಉಪ್ಪು ಬಿದ್ದು ಶೇ. 22ರ ಉಪ್ಪುನೀರಾಯಿತು. ನನ್ನದರಲ್ಲಿ 1300 ಗ್ರಾಂ ನೀರಿಗೆ ಅಷ್ಟೇ ಉಪ್ಪು, ಶೇ. 13 ಮಾತ್ರ. ಪಾಕ ಒಂದೇ, ಎಣಿಕೆ ಒಂದೇ, ಉಪ್ಪಿನಕಾಯಿ ಮಾತ್ರ ಎರಡು ಬೇರೆ ಬೇರೆ. ಎಣಿಸಿ ಕೊಡುವುದು ಮಿಡಿ ಮಾರುವವರ ಲೆಕ್ಕ. ಉಪ್ಪಿಗೆ ತೂಕವೊಂದೇ ಲೆಕ್ಕ. ಒಂದು ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು ಎಂದು ಇಟ್ಟುಕೊಂಡರೆ ಶೇ. 22ರ ಆಸುಪಾಸು ಸಿಗುತ್ತದೆ. ಲೋಟ, ಪಾವು, ಸೇರು ಯಾವುದನ್ನೂ ನಂಬಬೇಡಿ. ಹರಳು ದಪ್ಪವಿದ್ದಷ್ಟೂ ಲೋಟದಲ್ಲಿ ಗಾಳಿಯೇ ಹೆಚ್ಚು.

ಉಪ್ಪಿನ ಪರೀಕ್ಷೆ

ಹಾಕಿ ಆಗಿಹೋಗಿದೆ, ಈಗ ಉಪ್ಪು ಎಷ್ಟಿದೆ ಎಂದು ತಿಳಿಯುವುದು ಹೇಗೆ? ನಾಲಿಗೆಗೆ ಶೇ. 13ಕ್ಕೂ 20ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಕಟುವಾಗಿಯೇ ಇರುತ್ತವೆ. ಒರಟು ಪರೀಕ್ಷೆಯೊಂದಿದೆ: ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಾಕಿ, ಹಸಿ ಆಲೂಗಡ್ಡೆಯ ತುಂಡೊಂದನ್ನು ಬಿಡಿ. ಮುಳುಗಿದರೆ ಉಪ್ಪು ಖಂಡಿತ ಸಾಲದು. ತೇಲಿದರೆ ಸಂತೋಷಪಡಬೇಡಿ, ಸಾಧಾರಣ ಶೇ. 12 ದಾಟಿದರೆ ಸಾಕು, ಆಲೂಗಡ್ಡೆ ತೇಲಿಬಿಡುತ್ತದೆ.

ಇದಕ್ಕಿಂತ ನಿಖರವಾದದ್ದು ಇಂದಿನ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ. ಕಿರಿದಾದ ಕುತ್ತಿಗೆಯ ಚಿಕ್ಕ ಬಾಟಲಿಯೊಂದನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸರಿಯಾಗಿ 100 ಗ್ರಾಂ ನೀರು ತುಂಬಿ, ನೀರು ನಿಂತಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ನೀರು ಚೆಲ್ಲಿ, ಬಾಟಲಿ ಒಣಗಿಸಿ, ಅದೇ ಗೆರೆಯವರೆಗೆ ಸೋಸಿದ ಉಪ್ಪುನೀರು ಹಾಕಿ ತೂಗಿ. ತಕ್ಕಡಿ 107 ತೋರಿಸಿದರೆ ಉಪ್ಪು ಶೇ. 10, 111 ತೋರಿಸಿದರೆ ಶೇ. 15, 115 ತೋರಿಸಿದರೆ ಶೇ. 20. ಮಿಡಿಯಿಂದ ಇಳಿದ ಹುಳಿಯೂ ಸ್ವಲ್ಪ ತೂಗುವುದರಿಂದ ನಿಜವಾದ ಉಪ್ಪು ಇದಕ್ಕಿಂತ ಒಂದು ಕೂದಲಷ್ಟು ಕಡಿಮೆಯೇ ಇರುತ್ತದೆ. ಹಾಗಾಗಿ 115ಕ್ಕಿಂತ ಕೆಳಗೆ ಬಂದದ್ದನ್ನು ನಾನು ಮಳೆಗಾಲಕ್ಕೆ ಬಿಡುವುದಿಲ್ಲ. ಈ ಪರೀಕ್ಷೆ ಮಸಾಲೆ ಬೆರೆಸುವ ಮುನ್ನವೇ ಆಗಬೇಕು. ಬೆರೆಸಿದ ಮೇಲೆ ತಕ್ಕಡಿ ತೂಗುವುದು ಸಾಸಿವೆಯನ್ನು.

ಕಡಿಮೆ ಬಂದರೆ ಒಣ ಉಪ್ಪನ್ನು ಮೇಲಿನಿಂದ ಸುರಿಯಬೇಡಿ. ಅದು ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಕರಗಿದ ಭಾರದ ನೀರು ಅಲ್ಲೇ ಉಳಿಯುತ್ತದೆ, ಕಾಯಿಲೆಯಿರುವ ಮೇಲಿನ ಪದರಕ್ಕೆ ಒಂದು ಹರಳೂ ತಲಪುವುದಿಲ್ಲ. ಉಪ್ಪುನೀರನ್ನು ಪೂರ್ತಿ ಬಸಿದು, ಸ್ಟೀಲ್ ಪಾತ್ರೆಯಲ್ಲಿ ಹೊಸ ಉಪ್ಪು ಸೇರಿಸಿ ಕುದಿಸಿ, ನೊರೆ ತೆಗೆದು, ಪೂರ್ತಿ ತಣಿದ ಮೇಲೆ ಮಿಡಿಯ ಮೇಲೆ ಹೊಯ್ಯಿರಿ. ನನ್ನ ಒಂದೂವರೆ ಕಿಲೋ ಮಿಡಿಗೆ ಶೇ. 20 ಮುಟ್ಟಿಸಲು ಇನ್ನೂ 125 ಗ್ರಾಂ ಬೇಕಿತ್ತು. ಮೆತ್ತಗಾದ ಮಿಡಿ ಮತ್ತೆ ಗಟ್ಟಿಯಾಗುವುದಿಲ್ಲ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು. ವಾಸನೆ ಚೆನ್ನಾಗಿದ್ದು ಬೂಷ್ಟು ಇಲ್ಲದಿದ್ದರೆ ಅದನ್ನು ಕಿವುಚಿ ಅಪ್ಪೆಹುಳಿ ಎಂಬ ತೆಳು ಹುಳಿಸಾರು ಮಾಡಿ. ಇಂಗಿನ ಒಗ್ಗರಣೆ ಬಿದ್ದರೆ ಯಾರಿಗೂ ಹಿಂದಿನ ಕಥೆ ಗೊತ್ತಾಗುವುದಿಲ್ಲ.

ಮೇಲೆ ಬಿಳಿ ಕಂಡರೆ

ಬಿಳಿಯಲ್ಲಿ ಮೂರು ಬಗೆ. ಮೂರಕ್ಕೂ ಒಂದೇ ಮದ್ದು ಮಾಡುವವರು ಒಳ್ಳೆಯದನ್ನು ಚೆಲ್ಲಿ ಕೆಟ್ಟದ್ದನ್ನು ತಿನ್ನುತ್ತಾರೆ.

ಮಸಾಲೆಯ ಮೇಲೆ, ಬಾಟಲಿಯ ಅಂಚಿನಲ್ಲಿ ಮಿನುಗುವ ಬಿಳಿ ಚುಕ್ಕೆಗಳಿದ್ದರೆ ಚಮಚದ ತುದಿಯಲ್ಲಿ ಒಂದನ್ನು ತೆಗೆದು ಬಿಸಿನೀರಿಗೆ ಹಾಕಿ. ಕರಗಿತೆ? ಅದು ಉಪ್ಪಿನ ಹರಳು. ನೀರು ಆರಿ ಉಪ್ಪು ಮೇಲೆದ್ದಿದೆ, ಅಷ್ಟೇ. ಕಲಸಿ ಮುಚ್ಚಿಡಿ.

ಉಪ್ಪುನೀರಿನ ಮೇಲೆ ಹಾಲಿನ ತೆಳು ಕೆನೆಯಂತೆ ನಯವಾದ, ಬಾಟಲಿ ಅಲುಗಿಸಿದರೆ ನೆರಿಗೆಯಾಗಿ ಒಡೆಯುವ ಪದರವಿದ್ದರೆ ಅದು ಯೀಸ್ಟಿನ ಪೊರೆ. ಅದು ತಾನಾಗಿ ವಿಷವಲ್ಲ. ಆದರೆ ಅದು ಹುಳಿಯನ್ನು ತಿಂದು ಬದುಕುವ ಜೀವಿ. ಹುಳಿ ಕಡಿಮೆಯಾದಂತೆ ಬೂಷ್ಟಿಗೆ ಜಾಗ ಮಾಡಿಕೊಡುತ್ತದೆ. ಪೊರೆಯನ್ನು ತೆಗೆದು, ನೀರನ್ನು ಬಸಿದು ಮೇಲೆ ಹೇಳಿದಂತೆ ಉಪ್ಪು ನೋಡಿ ಕುದಿಸಿ ಹಾಕಿದರೆ ಸಾಕು.

ಹತ್ತಿಯಂತೆ, ತುಪ್ಪಟದಂತೆ ಎದ್ದು ನಿಂತಿದ್ದು, ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣ ತಿರುಗಿದ್ದರೆ ಅದು ಬೂಷ್ಟು. ಮೇಲಿನದನ್ನಷ್ಟೇ ಕೆರೆದು ಉಳಿದದ್ದನ್ನು ತಿನ್ನುವ ಹಳೆಯ ರೂಢಿ ನಮ್ಮಲ್ಲಿದೆ. ನಾನು ಅದನ್ನು ಬಿಟ್ಟಿದ್ದೇನೆ. ಕಣ್ಣಿಗೆ ಕಾಣುವ ತುಪ್ಪಟ ಬೂಷ್ಟಿನ ಹೂವು ಮಾತ್ರ, ಬೇರು ಮಸಾಲೆಯ ಒಳಗಿರುತ್ತದೆ. ಕೆಲವು ಬೂಷ್ಟು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಐನೂರು ರೂಪಾಯಿಯ ಮಿಡಿಯೆಂದು ಹೊಟ್ಟೆ ಉರಿಯುತ್ತದೆ ನಿಜ. ಚೆಲ್ಲಿ.

ಇನ್ನು ಈ ಬಿಳಿ ಪದರ ಪೇಟೆಯ ಮನೆಗಳಲ್ಲೇ ಏಕೆ ಹೆಚ್ಚು? ಮಿಡಿಯ ತಪ್ಪಲ್ಲ, ಪಾತ್ರೆಯ ಆಕಾರದ ತಪ್ಪು. ಊರಿನಲ್ಲಿ ಸಾವಿರ ಮಿಡಿ ಎತ್ತರದ ಪಿಂಗಾಣಿ ಭರಣಿಯಲ್ಲಿ ಒಂದರ ಮೇಲೊಂದು ಒತ್ತಿ ಕೂತಿರುತ್ತದೆ. ಬಿಟ್ಟ ನೀರು ಅಷ್ಟನ್ನೂ ಮುಚ್ಚಿ ಮೇಲೆ ನಿಲ್ಲುತ್ತದೆ. ನಾವು ನೂರು ಮಿಡಿಯನ್ನು ಅಗಲ ಬಾಯಿಯ ಡಬ್ಬಿಗೆ ಹಾಕುತ್ತೇವೆ. ನೀರು ತಳದಲ್ಲಿ ಎರಡು ಬೆರಳು ನಿಲ್ಲುತ್ತದೆ, ಮಿಡಿ ಅದರ ಮೇಲೆ ಗಾಳಿ ಕುಡಿಯುತ್ತ ಮಲಗಿರುತ್ತದೆ. ಸ್ವಲ್ಪ ಮಾಡುವವರು ಕಿರಿದಾದ, ಎತ್ತರದ ಗಾಜಿನ ಬಾಟಲಿ ಹುಡುಕಿಕೊಳ್ಳಬೇಕು. ಮೇಲೊಂದು ಭಾರವೂ ಬೇಕು: ಕುದಿಸಿ ಒಣಗಿಸಿದ ನುಣುಪು ಕಲ್ಲೋ, ನೀರು ತುಂಬಿ ಬಿಗಿದ ಚಿಕ್ಕ ಗಾಜಿನ ಶೀಶೆಯೋ ಸಾಕು. ಮೊದಲ ಹತ್ತು ದಿನ ಒಣ ಮರದ ಸೌಟಿನಲ್ಲಿ ಕೆಳಗಿನದನ್ನು ಮೇಲಕ್ಕೆ ತನ್ನಿ. ಉಪ್ಪುನೀರು ಭಾರವಾದ್ದರಿಂದ ತಳ ಹಿಡಿಯುತ್ತದೆ, ಮಿಡಿ ಬಿಟ್ಟ ಹೊಸ ನೀರು ತೆಳ್ಳಗೆ ಮೇಲೆ ನಿಲ್ಲುತ್ತದೆ. ಕೈಯಾಡಿಸದಿದ್ದರೆ ಒಂದೇ ಬಾಟಲಿಯಲ್ಲಿ ತಳಕ್ಕೆ ಶೇ. 25, ಮೇಲಕ್ಕೆ ಶೇ. 10 ಎನ್ನುವಂತಹ ಎರಡು ಸಂಸಾರ ನಡೆಯುತ್ತದೆ.

ಕಹಿ, ಇಲ್ಲವೇ ಘಾಟೇ ಇಲ್ಲ

ಮಸಾಲೆ ಕಲಸಿದ ಮೊದಲ ವಾರದ ಕಹಿಗೆ ಹೆದರಬೇಕಿಲ್ಲ. ಹೊಸ ಸಾಸಿವೆಯ ಸ್ವಭಾವವದು, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ತಿಂಗಳಾದರೂ ಕಹಿ ಹೋಗದೆ, ಜೊತೆಗೆ ಮೂಗಿಗೆ ಘಾಟೂ ಏರದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಉಪ್ಪುನೀರು ಪೂರ್ತಿ ಆರಿತ್ತೆ?

ಇಡಿ ಸಾಸಿವೆಗೆ ಘಾಟಿಲ್ಲ. ಜಜ್ಜಿ ನೀರು ತಾಗಿಸಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಘಾಟನ್ನು ಹುಟ್ಟಿಸುತ್ತದೆ, ಹತ್ತು ಹದಿನೈದು ನಿಮಿಷದಲ್ಲಿ ಅದು ತುದಿಗೇರುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಸತ್ತುಹೋಗುತ್ತದೆ, ಉಳಿಯುವುದು ಕಹಿ ಮಾತ್ರ. ಅವಸರಕ್ಕೆ ಬೆಚ್ಚಗಿನ ಉಪ್ಪುನೀರು ಹಾಕಿದವರು, ಸಾಸಿವೆಯನ್ನು ಹುರಿದವರು, ಮಿಕ್ಸಿಯ ಜಾರು ಕೈ ಸುಡುವಷ್ಟು ಹೊತ್ತು ತಿರುಗಿಸಿದವರು, ಮೂವರೂ ಒಂದೇ ತಪ್ಪು ಮಾಡಿದವರು. ಘಾಟು ರುಚಿಗಷ್ಟೇ ಅಲ್ಲ. ಯೀಸ್ಟನ್ನೂ ಬೂಷ್ಟನ್ನೂ ತಡೆಯುವುದು ಅದೇ. ಘಾಟಿಲ್ಲದ ಮಸಾಲೆಯ ಭರಣಿಗೆ ಕಾವಲುಗಾರನೊಬ್ಬ ಕಡಿಮೆ.

ಸರಿಪಡಿಸುವುದು ಸುಲಭ. ಒಂದು ಕಿಲೋ ಮಿಡಿಗೆ ಎರಡು ಚಮಚದಷ್ಟು ಹಸಿ ಸಾಸಿವೆಯನ್ನು ತಡೆದು ತಡೆದು ಪುಡಿ ಮಾಡಿ, ಕುದಿಸಿ ಆರಿಸಿದ ಬರೀ ನೀರನ್ನು ಸ್ವಲ್ಪವೇ ಹಾಕಿ ನೆನೆಸಿ ಕಾಲು ಗಂಟೆ ಬಿಡಿ. ಹುಳಿ ಮತ್ತು ಉಪ್ಪು ತಾಗಿದರೆ ಕಿಣ್ವದ ಕೆಲಸ ನಿಧಾನವಾಗುವುದರಿಂದ ಮೊದಲೇ ಉಪ್ಪುನೀರು ಬೇಡ. ಮೂಗು ಚುರ್ರೆಂದ ಮೇಲೆ ಭರಣಿಗೆ ಬೆರೆಸಿ. ಸೇರಿದ ನೀರಿಗೆ ತಕ್ಕ ಉಪ್ಪನ್ನೂ ಮರೆಯಬೇಡಿ.

ಮೆಂತ್ಯ ಕಪ್ಪಾಗುವಷ್ಟು ಹುರಿದ ಕಹಿಗೆ ಮದ್ದಿಲ್ಲ.

ಕಪ್ಪಾಗಿದೆ

ಮೇಲಿನ ಒಂದು ಬೆರಳು ಮಾತ್ರ ಕಪ್ಪಾದರೆ ಗಾಳಿಯ ಕೆಲಸ. ಕಲಸಿ ಒತ್ತಿ ಮಟ್ಟ ಮಾಡಿದರೆ ಸಾಕು. ಇಡೀ ಬಾಟಲಿ ಕಪ್ಪಾದರೆ ಕಬ್ಬಿಣ ಎಲ್ಲಿಂದ ಬಂತೆಂದು ಹುಡುಕಿ. ಮಿಡಿಯ ಒಗರಿಗೆ ಕಬ್ಬಿಣ ತಾಗಿದರೆ ಶಾಯಿಯ ಬಣ್ಣ ಬರುತ್ತದೆ. ಕಬ್ಬಿಣದ ಬಾಣಲೆ, ಹಳೆಯ ಚಾಕು, ಕೆಂಪು ಮಣ್ಣಿನ ಬೋರ್‌ವೆಲ್ ನೀರು ಯಾವುದಾದರೂ ಆಗಿರಬಹುದು. ನನ್ನ ಎರಡನೆಯ ವರ್ಷದ ಅಪರಾಧಿ ಗಾಜಿನ ಬಾಟಲಿಯ ತಗಡಿನ ಮುಚ್ಚಳ. ಹೊರಗಿನಿಂದ ಬಂಗಾರದ ಬಣ್ಣ, ತಿರುಗಿಸಿ ನೋಡಿದರೆ ಒಳಗಿನ ಬಿಳಿ ಲೇಪ ಗುಳ್ಳೆಯೆದ್ದು ಸಿಪ್ಪೆಯಾಗಿ, ಅದರ ಕೆಳಗೆ ತುಕ್ಕಿನ ಉಂಗುರ. ಉಪ್ಪಿನ ಹಬೆ ನಾಲ್ಕು ತಿಂಗಳು ಅದನ್ನು ತಿಂದಿತ್ತು. ಚೂರುಗಳು ಮಸಾಲೆಯ ಮೇಲೆ ಉದುರಿ, ಬಿದ್ದಲ್ಲೆಲ್ಲ ನಾಣ್ಯದಗಲ ಕಪ್ಪು. ಈಗ ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಳವನ್ನೇ ಬಳಸುತ್ತೇನೆ. ತಗಡು ಅನಿವಾರ್ಯವಾದರೆ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಉಪ್ಪುನೀರು ಕುದಿಸುವ ಮಾತೇ ಬೇಡ.

ಗುಳ್ಳೆ, ನೊರೆ

ಬರೀ ಉಪ್ಪಿನಲ್ಲಿರುವಾಗ ಮೊದಲ ವಾರ ಒಂದೆರಡು ಗುಳ್ಳೆ ಏಳುವುದು ಸಹಜ. ಮಸಾಲೆ ಕಲಸಿ ತಿಂಗಳಾದ ಮೇಲೆ ಮುಚ್ಚಳ ‘ಬುಸ್’ ಎಂದರೆ ಒಳಗೆ ಹುದುಗು ನಡೆದಿದೆ. ಉಪ್ಪು ಕಡಿಮೆ ಅಥವಾ ಎಲ್ಲೋ ನೀರು ಸೇರಿದೆ. ನೀರು ಎಂದರೆ ನಲ್ಲಿಯ ನೀರೇ ಆಗಬೇಕಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಊಟ ಮುಗಿಯುವವರೆಗೆ ತೆರೆದಿಟ್ಟರೆ ತಣ್ಣಗಿನ ಗಾಜಿಗೆ ಬೆವರು ಕಟ್ಟಿ ಒಳಗಿಳಿಯುತ್ತದೆ, ದಿನಕ್ಕೆ ಎರಡು ಸಲ, ತಿಂಗಳಿಗೆ ಅರವತ್ತು ಸಲ. ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಶೀಶೆಗೆ ತೆಗೆದುಕೊಂಡು ದೊಡ್ಡದನ್ನು ಮುಟ್ಟದಿರುವುದೇ ಇದಕ್ಕೆ ಪರಿಹಾರ. ಒಗ್ಗಿದ ಉಪ್ಪಿನಕಾಯಿಗೆ ಫ್ರಿಜ್ಜು ಬೇಕಾಗಿಯೂ ಇಲ್ಲ. ಒಲೆಯ ಮೇಲಿನ ಕಪಾಟನ್ನು ಬಿಟ್ಟು ಬೇರೆ ಯಾವ ಕತ್ತಲ ಮೂಲೆಯಾದರೂ ಸರಿ. ನೊರೆಯ ಜೊತೆ ಕೊಳೆತ ನಾತವೂ ಇದ್ದರೆ ಪರೀಕ್ಷೆ ಬೇಡ, ಚೆಲ್ಲಿ.

ರಕ್ತದೊತ್ತಡಕ್ಕೆ ಹೆದರಿ ಉಪ್ಪು ಅರ್ಧ ಮಾಡುವವರಿಗೆ ಒಂದು ಮಾತು. ಅರ್ಧ ಉಪ್ಪಿನದು ಬೇರೆಯೇ ತಿನಿಸು: ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಕೆಲವು ವಾರದಲ್ಲಿ ಮುಗಿಸಿ. ವರ್ಷದ ಭರಣಿಗೆ ಆ ಲೆಕ್ಕ ಬೇಡ. ಅದರಲ್ಲಿ ಒಂದು ಮಿಡಿಯ ಬದಲು ಅರ್ಧ ಮಿಡಿ ತಿಂದರಾಯಿತು.

ಪರಿಮಳವೇ ಇಲ್ಲ

ಉಪ್ಪು ಸರಿ, ಘಾಟು ಸರಿ, ಮಿಡಿ ‘ಕಟಕ್’ ಎನ್ನುತ್ತದೆ, ಆದರೂ ಊರಿನ ವಾಸನೆ ಇಲ್ಲ ಎನ್ನುವವರಿದ್ದಾರೆ. ಅಪ್ಪೆಮಿಡಿಯ, ಅಂದರೆ ಮಲೆನಾಡಿನ ಪರಿಮಳದ ಕಾಡುಮಾವಿನ ಮಿಡಿಯ, ಪರಿಮಳವಿರುವುದು ಸೊನೆಯಲ್ಲಿ. ತೊಟ್ಟನ್ನು ಬುಡಕ್ಕೆ ಮುರಿದು ತೊಳೆದರೆ ಸೊನೆ ನೀರಿನೊಡನೆ ಹರಿದುಹೋಗುತ್ತದೆ. ಅರ್ಧ ಇಂಚು ತೊಟ್ಟು ಉಳಿಸಿಯೇ ತೊಳೆಯಬೇಕು. ಕೊಯ್ದು ನಾಲ್ಕು ದಿನ ಗೋಣಿಚೀಲದಲ್ಲಿ ಬೆಂದ ಮಿಡಿಯಲ್ಲೂ ಅದು ಉಳಿದಿರುವುದಿಲ್ಲ. ಅಥವಾ ತಂದದ್ದು ಅಪ್ಪೆಯೇ ಅಲ್ಲದಿರಬಹುದು. ಅಘನಾಶಿನಿ, ಶರಾವತಿಯ ದಂಡೆಯ ಕಾಡುಮರಗಳ ಮಿಡಿಯೆಂದು ತೋಟದ ಕಸಿ ಮಾವಿನ ಉದುರುಕಾಯಿಯನ್ನು ಮಾರುವವರಿಗೆ ಪೇಟೆಯಲ್ಲಿ ಬರವಿಲ್ಲ. ಕೊಳ್ಳುವ ಮೊದಲು ಒಂದು ಮಿಡಿಯ ತೊಟ್ಟು ಮುರಿಯಿರಿ. ಸೊನೆ ಚಿಮ್ಮಬೇಕು. ಬೆರಳಿಗೆ ತಾಗಿದ ಹನಿಯನ್ನು ಮೂಸಿದರೆ ಜೀರಿಗೆಯದೋ ಕರ್ಪೂರದ್ದೋ ವಾಸನೆ ಬರಬೇಕು. ಬರೀ ಹಸಿ ಎಲೆಯ ವಾಸನೆ ಬಂದರೆ ಕೈ ಒರೆಸಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಬೆರಳನ್ನು ಮುಖಕ್ಕೆ ತಾಗಿಸಬೇಡಿ, ಸೊನೆ ಚರ್ಮ ಸುಡುತ್ತದೆ.